ಒಂದೇ ಹೊಲದ ಎರಡು ರಾಟವಾಳ

(ಮಧುಗಿರಿಯ ಪ್ರೌಢಶಾಲೆಯೊಂದರಲ್ಲಿ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಬರಹಕ್ಕಿಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ನೆನಪಿದ್ದಷ್ಟು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಕ್ಕಿ ಗುರುತಿಸುವುದು ಹೇಗೆಂದು ಹೇಳಲು ನನ್ನನ್ನು ಕರೆದಿದ್ದೀರಿ. ನಾನು ಹಕ್ಕಿಯನ್ನು ತಪ್ಪಾಗಿ ಗುರುತಿಸಿ ಮುಖಭಂಗವಾದ ಕಥೆಯಿಂದಲೇ ಶುರು ಮಾಡುತ್ತೇನೆ.

ಆರು ವರ್ಷದ ಹಿಂದಿನ ಮಾತು. ನವೆಂಬರ್ ತಿಂಗಳು. ಗುಬ್ಬಿ ತಾಲ್ಲೂಕಿನಲ್ಲಿ ಸ್ನೇಹಿತರೊಬ್ಬರ ತೆಂಗಿನ ತೋಟಕ್ಕೆ ಹೋಗಿದ್ದೆ. ತೋಟದ ಅಂಚಿನಲ್ಲಿ ನೀರಿನ ಕಾಲುವೆ, ಅದರ ಪಕ್ಕ ಮೊಣಕಾಲೆತ್ತರದ ಹುಲ್ಲು. ಹುಲ್ಲಿನ ತೆನೆಗಳಿಗೆ ಹದಿನೈದು ಪುಟ್ಟ ಹಕ್ಕಿಗಳು ಜೋತುಬಿದ್ದಿದ್ದವು. ಹದಿನಾಲ್ಕು ಹಕ್ಕಿಗಳ ಮೈಮೇಲೆ ಒಂದು ಗೆರೆಯಿಲ್ಲ, ಚುಕ್ಕೆಯಿಲ್ಲ. ಹಾಲು ಜಾಸ್ತಿಯಾದ ಕಾಫಿಯ ಬಣ್ಣ. ಹದಿನೈದನೆಯದರ ಎದೆಯ ಮೇಲೆ ಮಾತ್ರ ಮೀನಿನ ಹುರುಪೆಯಂಥ ಗುರುತು. ನಾನು ಜೇಬಿನಿಂದ ಪುಸ್ತಕ ತೆಗೆದು ಗಂಭೀರವಾಗಿ ಬರೆದೆ: ಬಿಳಿಗಂಟಲಿನ ರಾಟವಾಳ, 14. ಚುಕ್ಕೆ ರಾಟವಾಳ, 1. ಸಂಜೆ ಅದನ್ನೇ ಹಕ್ಕಿಗಳ ಪಟ್ಟಿ ದಾಖಲಿಸುವ ಆ್ಯಪ್‌ಗೆ ಏರಿಸಿದೆ.

ಹತ್ತು ದಿನದ ಮೇಲೆ ಪರಿಶೀಲಕರೊಬ್ಬರಿಂದ ಬಹಳ ವಿನಯದ ಸಂದೇಶ ಬಂತು. ಚಿತ್ರ ಇದೆಯೇ, ಇದ್ದರೆ ಕೊಕ್ಕನ್ನೂ ಬಾಲವನ್ನೂ ಒಮ್ಮೆ ನೋಡುವಿರಾ ಎಂದು. ಚಿತ್ರ ಇತ್ತು. ದೊಡ್ಡದು ಮಾಡಿ ನೋಡಿದೆ. ಹದಿನಾಲ್ಕು ಹಕ್ಕಿಗಳ ಕೊಕ್ಕೂ ಕಡುಗಪ್ಪು. ಬಾಲ ಮೋಟು. ಅಷ್ಟೂ ಚುಕ್ಕೆ ರಾಟವಾಳದ ಆ ವರ್ಷದ ಮರಿಗಳು! ಮನೆಯ ಯಜಮಾನನನ್ನು ಬಂದ ನೆಂಟನೆಂದೂ, ಮಕ್ಕಳನ್ನೆಲ್ಲ ಪಕ್ಕದ ಮನೆಯವರೆಂದೂ ಬರೆದುಬಿಟ್ಟಿದ್ದೆ.

ಇವತ್ತು ಈ ಎರಡು ಹಕ್ಕಿಗಳ ವಿಷಯ ಮಾತ್ರ ಹೇಳುತ್ತೇನೆ. ನವಿಲು, ಮಂಗಟ್ಟೆ, ನಂದಿ ಬೆಟ್ಟದ ಹಳದಿಗಂಟಲಿನ ಪಿಕಳಾರ ಎಲ್ಲದಕ್ಕೂ ಮಾತನಾಡುವವರಿದ್ದಾರೆ. ರಾಟವಾಳವನ್ನು ಕೇಳುವವರಿಲ್ಲ.

ಮೊದಲು ಹೆಸರಿನ ಗೊಂದಲ ಕಳೆದುಕೊಳ್ಳೋಣ. ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಮುನಿಯಾ ಎನ್ನುವ ಹಕ್ಕಿಗಳಿಗೆ ಕನ್ನಡದ ಪುಸ್ತಕಗಳಲ್ಲಿ ರಾಟವಾಳ ಎಂಬ ಹೆಸರಿದೆ. ನಮ್ಮ ಊರುಗಳಲ್ಲಿ ಈ ಹೆಸರು ಹಿಡಿದು ಕರೆಯುವವರನ್ನು ನಾನು ಹೆಚ್ಚು ಕಂಡಿಲ್ಲ. ಹೆಬ್ಬೆರಳಿನಷ್ಟು ಗಾತ್ರದ್ದು ಯಾವುದಿದ್ದರೂ ನಮಗೆ ಗುಬ್ಬಿಯೇ. ತಾಲ್ಲೂಕಿಗೇ ಗುಬ್ಬಿ ಎಂಬ ಹೆಸರಿರುವ ಜಿಲ್ಲೆಯಲ್ಲಿ ಇದಕ್ಕೆ ಬೇಸರ ಮಾಡಿಕೊಳ್ಳಬಾರದು. ಬಿಳಿಗಂಟಲಿನ ರಾಟವಾಳಕ್ಕೆ ಇಂಗ್ಲಿಷಿನವರು ಈಗ ಸಿಲ್ವರ್‌ಬಿಲ್ ಎನ್ನುತ್ತಾರೆ, ಕೊಕ್ಕು ಬೆಳ್ಳಿಯ ಬಣ್ಣದ್ದೆಂದು. ಆ ಹೆಸರು ನನಗೆ ಹಿಡಿಸಿದೆ. ಇನ್ನು ಮುಂದೆ ಅದನ್ನು ಬೆಳ್ಳಿಕೊಕ್ಕು ಎಂದೇ ಕರೆಯುತ್ತೇನೆ, ಇನ್ನೊಂದು ಚುಕ್ಕೆ.

ಇವು ಗುಬ್ಬಿಯ ವಂಶದವಲ್ಲ. ಫಿಂಚ್ ಎಂದು ಕರೆಯುವುದುಂಟು, ನಿಜವಾದ ಫಿಂಚ್‌ಗಳೂ ಅಲ್ಲ. ನಿಜವಾದ ಫಿಂಚ್ ಬೇಕೆಂದರೆ ಚಳಿಗಾಲದಲ್ಲಿ ನಂದಿ ಬೆಟ್ಟಕ್ಕೆ ಹೋಗಿ. ಉತ್ತರದಿಂದ ವಲಸೆ ಬರುವ ಗುಲಾಬಿ ಫಿಂಚ್ ಅಲ್ಲಿ ಸಿಗುತ್ತದೆ. ರಾಟವಾಳಗಳದು ಎಸ್ಟ್ರಿಲ್ಡಿಡೇ ಎಂಬ ಬೇರೆಯೇ ಕುಟುಂಬ. ಆಫ್ರಿಕಾ, ದಕ್ಷಿಣ ಏಷ್ಯಾ, ಆಸ್ಟ್ರೇಲಿಯಾಗಳಲ್ಲಿ ಸುಮಾರು 140 ಜಾತಿಗಳಿವೆ. ಬೀಜ ಒಡೆಯುವ ಕಸುಬಿಗೆ ಬಿದ್ದ ಹಕ್ಕಿಗಳಿಗೆಲ್ಲ ಶಂಕುವಿನಂಥ ದಪ್ಪ ಕೊಕ್ಕು ಬೇಕು. ಹಾಗಾಗಿ ಗುಬ್ಬಿ, ಗೀಜಗ, ಫಿಂಚ್, ರಾಟವಾಳ ನಾಲ್ಕೂ ಬೇರೆ ಬೇರೆ ಮನೆತನದವಾದರೂ ಮುಖ ಒಂದೇ ಥರ. ಒಂದೇ ಕಸುಬಿನವರ ಕೈಯ ಜಡ್ಡು ಒಂದೇ ಜಾಗದಲ್ಲಿರುತ್ತದಲ್ಲ, ಹಾಗೆ.

ನಮ್ಮ ಎರಡು ಹಕ್ಕಿಗಳಿಗೂ ಶಾಸ್ತ್ರೀಯ ನಾಮಕರಣವಾದದ್ದು 1758ರಲ್ಲಿ, ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್‌ನ ಕೈಯಲ್ಲಿ. ಒಂದಕ್ಕೆ ಪಂಕ್ಚುಲೇಟ, ಸಣ್ಣ ಚುಕ್ಕೆಗಳದ್ದು ಎಂದು ಅರ್ಥ. ಇದು ಸರಿಯಾಗಿದೆ. ಇನ್ನೊಂದಕ್ಕೆ ಮಲಬಾರಿಕ. ಪಾವಗಡದ ಜಾಲಿಯ ಮೇಲೆ ನೆಮ್ಮದಿಯಾಗಿರುವ ಒಣನಾಡಿನ ಹಕ್ಕಿಗೆ ಮಳೆ ಸುರಿಯುವ ಮಲಬಾರಿನ ಹೆಸರು! ಸ್ವೀಡನ್ನಿನಲ್ಲಿ ಕುಳಿತು ಹೆಸರಿಟ್ಟರೆ ಹೀಗಾಗುತ್ತದೆ. ತೀರಾ ಇತ್ತೀಚಿನವರೆಗೂ ಎರಡನ್ನೂ ಲೊಂಕೂರ ಎಂಬ ಒಂದೇ ಕುಲದಲ್ಲಿಟ್ಟಿದ್ದರು. ಆಮೇಲೆ ಬೆಳ್ಳಿಕೊಕ್ಕನ್ನು ಯೂಡೈಸ್ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಅಣ್ಣತಮ್ಮಂದಿರು ಪಾಲಾದಂತೆ, ಮನೆ ಬೇರೆ, ರಕ್ತ ಒಂದೇ.

ಈಗ ಮೈ ನೋಡೋಣ. ಎರಡೂ ಸುಮಾರು 11 ಸೆಂಟಿಮೀಟರ್ ಉದ್ದ, ತೂಕ ಒಂದು ಡಜನ್ ಗ್ರಾಂ ಆಸುಪಾಸು. ಗಂಡುಹೆಣ್ಣಿಗೆ ಹೊರನೋಟದಲ್ಲಿ ವ್ಯತ್ಯಾಸ ಹೆಚ್ಚಿಲ್ಲ. ಬೆಳೆದ ಚುಕ್ಕೆಯನ್ನು ಯಾರೂ ತಪ್ಪು ಮಾಡಲಾರರು: ಮುಖ, ಗಂಟಲು ಕಗ್ಗಲಿಯ ಕಂದು; ಎದೆ, ಹೊಟ್ಟೆ ಬಿಳಿ, ಅದರ ಮೇಲೆ ಒಂದೊಂದು ಗರಿಗೂ ಕಂದು ಅಂಚು ಕಟ್ಟಿದ ಹುರುಪೆ. ಬೆಳೆದ ಬೆಳ್ಳಿಕೊಕ್ಕಿನ ಬೆನ್ನು ಮಾಸಲು ಕಂದು, ಹೊಟ್ಟೆ ಬಿಳಿ, ರೆಕ್ಕೆಯ ತುದಿಯೂ ಬಾಲವೂ ಕಪ್ಪು. ಆ ಬಾಲ ಉದ್ದ, ತುದಿ ಚೂಪು. ಬಾಲದ ಬುಡದ ಮೇಲ್ಭಾಗ, ಅಂದರೆ ಸೊಂಟ, ಅಚ್ಚ ಬಿಳಿ. ಕುಳಿತಾಗ ರೆಕ್ಕೆ ಅದನ್ನು ಮುಚ್ಚಿಬಿಡುತ್ತದೆ; ಹಾರಿದಾಗ ಮಾತ್ರ ಒಮ್ಮೆ ಫಳಕ್ಕನೆ ಕಾಣುತ್ತದೆ. ಚುಕ್ಕೆಯ ಸೊಂಟದಲ್ಲಿ ಬಿಳಿಯಿಲ್ಲ, ಅಲ್ಲಿ ಎಣ್ಣೆಹಳದಿಯ ಛಾಯೆ.

ತೊಂದರೆ ಮರಿಗಳದು. ಚುಕ್ಕೆಯ ಮರಿಗೆ ಚುಕ್ಕೆಯೇ ಇರುವುದಿಲ್ಲ. ಗೂಡು ಬಿಟ್ಟು ತಿಂಗಳುಗಟ್ಟಲೆ ಅದು ಬರೀ ಕಂದು. ಹಾಗಾದರೆ ಬಾಲ ನೋಡಿದರಾಯಿತು ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬೆಳ್ಳಿಕೊಕ್ಕಿನ ಮರಿಯ ಬಾಲ ಗಿಡ್ಡ, ತುದಿಯೂ ದುಂಡು. ಅಲ್ಲಿಗೆ ಬಾಲದ ಸಾಕ್ಷಿಯೂ ಬಿದ್ದುಹೋಯಿತು. ಉಳಿದದ್ದು ಕೊಕ್ಕು. ಒಂದರದು ಕಡುಗಪ್ಪು, ಇನ್ನೊಂದರದು ಬೂದುಬೆಳ್ಳಿ. ಬೆಳಕು ಎದುರಿನಿಂದ ಬಿದ್ದರೆ ಎರಡೂ ಕಪ್ಪಾಗಿಯೇ ಕಾಣುತ್ತವೆ, ಆದ್ದರಿಂದ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಂತು ನೋಡಿ. ಇಷ್ಟಾಗಿಯೂ ಅನುಮಾನವಿದ್ದರೆ ಹಾರುವವರೆಗೆ ಕಾಯಿರಿ. ಇನ್ನೊಂದು ಎಚ್ಚರಿಕೆ: ಬಿಳಿ ಸೊಂಟ ಕಂಡ ಕೂಡಲೇ ಬೆಳ್ಳಿಕೊಕ್ಕು ಎಂದು ಕೂಗಬೇಡಿ. ಬಿಳಿ ಸೊಂಟದ ರಾಟವಾಳ ಎಂಬ ಮೂರನೆಯದೊಂದಿದೆ, ತಲೆ ಎದೆಯೆಲ್ಲ ಕಡುಕಂದು. ದೇವರಾಯನದುರ್ಗದಂಥ ಕಾಡಂಚಿನಲ್ಲಿ ಅದನ್ನು ನಿರೀಕ್ಷಿಸಬೇಕು, ಬಯಲಿನಲ್ಲಲ್ಲ.

ನನಗೆ ಇಷ್ಟವಾದ ಸಂಗತಿಗೆ ಈಗ ಬರುತ್ತೇನೆ. ತುಮಕೂರು ಜಿಲ್ಲೆ ಎರಡು ನಾಡು. ತಿಪಟೂರು, ತುರುವೇಕೆರೆ, ಗುಬ್ಬಿ, ಕುಣಿಗಲ್ ಕಡೆ ತೆಂಗು, ಅಡಿಕೆ, ಕೆರೆಯ ಕೆಳಗಿನ ಗದ್ದೆ. ಇತ್ತ ಸಿರಾ, ಮಧುಗಿರಿ, ಪಾವಗಡ ಕಡೆ ಕಲ್ಲುಬಂಡೆ, ಜಾಲಿ, ಕಡಲೆಕಾಯಿ ಹೊಲ, ಮಳೆ ಬಂದರೆ ಬಂತು ಎನ್ನುವ ಬದುಕು. ನನ್ನ ಹತ್ತು ವರ್ಷದ ಟಿಪ್ಪಣಿ ಪುಸ್ತಕಗಳನ್ನು ಹರಡಿಕೊಂಡು ಕೂತಾಗ ಕಂಡದ್ದು ಇದು: ಎರಡು ರಾಟವಾಳಗಳೂ ಜಿಲ್ಲೆಯನ್ನು ಹಾಗೆಯೇ ಹಂಚಿಕೊಂಡಿವೆ. ಗೆರೆ ಕೊಯ್ದಂತೆ ಅಲ್ಲ, ಆದರೂ ಹಂಚಿಕೊಂಡಿವೆ. ತೇವವಿರುವಲ್ಲಿ, ಎತ್ತರದ ಹುಲ್ಲಿರುವಲ್ಲಿ, ಮನೆಯ ಮುಂದಿನ ಕೈತೋಟದಲ್ಲಿ ಚುಕ್ಕೆ. ಒಣಬಯಲಿನಲ್ಲಿ, ಮುಳ್ಳುಕಂಟಿಯಲ್ಲಿ, ಹೊಲದ ಬದುವಿನಲ್ಲಿ ಬೆಳ್ಳಿಕೊಕ್ಕು. ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿಗೆ ಹೋದವರು ಜಿಂಕೆಗಳನ್ನು ನೋಡುತ್ತ ನಿಂತಿರುವಾಗ ಪಕ್ಕದ ಗಿಡದ ಮೇಲೆ ನಾಲ್ಕೈದು ಬೆಳ್ಳಿಕೊಕ್ಕು ಮೈಗೆ ಮೈ ಒತ್ತಿಕೊಂಡು ಕೂತಿರುತ್ತವೆ. ತೆಂಗಿನ ತೋಟದ ಹದಿನಾಲ್ಕು ಹಕ್ಕಿಗಳ ವಿಷಯದಲ್ಲಿ ನಾನು ಕೊಕ್ಕು ನೋಡಬೇಕಾಗಿಯೇ ಇರಲಿಲ್ಲ. ಕಾಲ ಕೆಳಗಿನ ನೆಲ ನೋಡಿದ್ದರೆ ಅನುಮಾನ ಬರಬೇಕಿತ್ತು.

ಎರಡೂ ಭೇಟಿಯಾಗುವ ಜಾಗವೆಂದರೆ ರಾಗಿ ಹೊಲ. ಕಾರ್ತಿಕದ ಬೆಳಗ್ಗೆ ತೆನೆ ಬಲಿತ ಹೊಲದ ಬದುವಿನ ಮೇಲೆ ಅಲುಗಾಡದೆ ಕೂತು ನೋಡಿ. ರಾಗಿಯ ತೆನೆ ಅರ್ಧ ಮಡಚಿದ ಕೈಯಿದ್ದಂತೆ. ಚುಕ್ಕೆ ನೇರವಾಗಿ ಬಂದು ಆ ಬೆರಳುಗಳ ಮೇಲೆಯೇ ಕೂರುತ್ತದೆ. ಕಡ್ಡಿ ಬಾಗುತ್ತದೆ, ಹಕ್ಕಿ ಕಡ್ಡಿಯ ಜೊತೆ ಇಳಿಯುತ್ತದೆ, ಬಾಲವನ್ನು ಅತ್ತಿತ್ತ ಮಿಡುಕಿಸಿ ಸಮತೋಲ ಹಿಡಿಯುತ್ತದೆ. ಆಮೇಲೆ ಬೆರಳಿನ ಸಂದಿಗೆ ಕೊಕ್ಕು ಹಾಕಿ ಒಂದು ಕಾಳು. ಕಾಳನ್ನು ನಾಲಗೆಯಿಂದ ಕೊಕ್ಕಿನ ಅಂಚಿಗೆ ಒತ್ತಿ ಉರುಳಿಸುತ್ತದೆ; ಸಿಪ್ಪೆ ಕೊಕ್ಕಿನ ಪಕ್ಕದಿಂದ ಉದುರುತ್ತದೆ. ನಮ್ಮ ಅಜ್ಜಿ ಮೊರದಲ್ಲಿ ಮಾಡುತ್ತಿದ್ದ ಕೆಲಸವನ್ನು ಇದು ಬಾಯಿಯೊಳಗೇ ಮುಗಿಸುತ್ತದೆ. ಬೆಳ್ಳಿಕೊಕ್ಕು ತೆನೆಯ ಮೇಲೆ ಕೂರದೆ ಇಲ್ಲ, ಆದರೆ ನಾನು ನೋಡಿದಾಗಲೆಲ್ಲ ಹೆಚ್ಚಾಗಿ ನೆಲದಲ್ಲಿರುತ್ತದೆ. ಉದುರಿದ ಕಾಳು, ಬದುವಿನ ಹುಲ್ಲಿನ ಬೀಜ, ಅದರ ಪಾಲಿಗೆ ಅಷ್ಟು ಸಾಕು.

ಚುಕ್ಕೆಯ ಹಿಂಡಿನ ಬಗ್ಗೆ ಒಂದು ಸ್ವಾರಸ್ಯ ಹೇಳಿಬಿಡುತ್ತೇನೆ. ಕೆನಡಾದ ಲುಕ್ ಅಲೆನ್ ಜಿರಾಲ್ಡೊ ಎಂಬ ವಿಜ್ಞಾನಿಯೂ ಅವರ ಜೊತೆಗಾರರೂ ಇದೇ ಹಕ್ಕಿಯನ್ನು ಪಂಜರಕೋಣೆಯಲ್ಲಿ ಇಟ್ಟುಕೊಂಡು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಹಿಂಡಿನಲ್ಲಿ ಕೆಲವು ತಾವೇ ಕಾಳು ಹುಡುಕುತ್ತವೆ. ಕೆಲವು ಹುಡುಕುವ ಗೋಜಿಗೇ ಹೋಗದೆ, ಯಾರಿಗೆ ಸಿಕ್ಕಿತೆಂದು ನೋಡುತ್ತಿದ್ದು ಅಲ್ಲಿಗೆ ಓಡುತ್ತವೆ. ಯಾವುದು ಯಾವ ಜಾತಿ ಎಂದು ನಡಿಗೆಯಲ್ಲೇ ಗೊತ್ತಾಗುತ್ತದಂತೆ: ತಲೆ ತಗ್ಗಿಸಿ ಕುಪ್ಪಳಿಸುವುದು ದುಡಿಯುವ ಹಕ್ಕಿ, ತಲೆ ಎತ್ತಿಕೊಂಡು ಕುಪ್ಪಳಿಸುವುದು ಪಾಲು ಕೇಳುವ ಹಕ್ಕಿ. ಒಂದೇ ಹಕ್ಕಿ ಈ ಹೊತ್ತು ಹೀಗೆ, ಇನ್ನೊಂದು ಹೊತ್ತು ಹಾಗೆ ಇರಬಹುದು. ಎಲ್ಲವೂ ತಲೆ ಎತ್ತಿಕೊಂಡರೆ ಹುಡುಕುವವರಿಲ್ಲದೆ ಉಪವಾಸ, ಹಾಗಾಗಿ ಹಿಂಡಿನಲ್ಲಿ ಒಂದು ಲೆಕ್ಕ ತಾನಾಗಿ ಕೂಡಿಬರುತ್ತದೆ. (ಇಲ್ಲಿ ಸಭೆಯಲ್ಲಿ ನಗು ಎದ್ದಿತು. ಮುಂದಿನ ಸಾಲಿನಲ್ಲಿ ಸಹಕಾರ ಸಂಘದವರು ಕೂತಿದ್ದರು.)

ಚುಕ್ಕೆಯ ಹಾಡು ಇನ್ನೂ ವಿಚಿತ್ರ. ಅದು ಹಾಡುವುದನ್ನು ನಾವು ನೋಡಬಹುದು, ಕೇಳುವುದು ಕಷ್ಟ. ಗಂಟಲು ಉಬ್ಬುತ್ತದೆ, ಕೊಕ್ಕು ಆಡುತ್ತದೆ, ಹತ್ತು ಹೆಜ್ಜೆ ದೂರದಲ್ಲಿರುವ ನಮಗೆ ಏನೂ ಕೇಳುವುದಿಲ್ಲ. ಆಗ ಹಿಂಡಿನ ಇನ್ನೊಂದು ಹಕ್ಕಿ ಸರಿದು ಬಂದು, ಹಾಡುವವನ ಮುಖದ ಹತ್ತಿರಕ್ಕೆ ತಲೆ ಚಾಚಿ ಕಿವಿಗೊಟ್ಟು ನಿಲ್ಲುತ್ತದೆ.

ಇನ್ನು ಗೂಡು. ಬಣ್ಣ, ಬಾಲ, ಕೊಕ್ಕು ಎಲ್ಲಕ್ಕಿಂತ ಈ ಎರಡರ ಸ್ವಭಾವ ಬೇರೆಯಾಗುವುದು ಇಲ್ಲಿ.

ಚುಕ್ಕೆ ಕಟ್ಟುವ ಹಕ್ಕಿ. ಮಳೆ ಬಂದು ಹುಲ್ಲು ಎದ್ದ ಮೇಲೆ ಅದರ ಸಂಸಾರ ಶುರು. ನಮ್ಮ ಮನೆಯ ಮುಂದೆ ತೂಜಾ ಗಿಡವೊಂದಿದೆ. ಒಂದು ಜುಲೈನಲ್ಲಿ ಬೆಳಿಗ್ಗೆ ಏಳಕ್ಕೆ ಕಾಫಿ ಹಿಡಿದು ಜಗಲಿಯಲ್ಲಿ ಕೂತಿದ್ದೆ. ಗೇಟಿನ ಮೇಲಿಂದ ಉದ್ದನೆಯ ಹಸಿರು ದಾರವೊಂದು ತೇಲಿಕೊಂಡು ಬಂತು. ನೋಡಿದರೆ ದಾರದ ತುದಿಯಲ್ಲಿ ಹಕ್ಕಿ! ತನ್ನ ಮೈಯ ಮೂರರಷ್ಟು ಉದ್ದದ ಹುಲ್ಲಿನ ಗರಿಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು, ಅದರ ಭಾರಕ್ಕೆ ಮೇಲೆಕೆಳಗೆ ಆಗುತ್ತ ಹಾರುತ್ತಿತ್ತು. ಗಿಡದೊಳಗೆ ನುಗ್ಗುವಾಗ ಹುಲ್ಲು ರೆಂಬೆಗೆ ಸಿಕ್ಕಿಕೊಂಡಿತು. ಎಳೆಯಿತು, ಬರಲಿಲ್ಲ, ಬಿಟ್ಟು ಹೋಯಿತು. ಎರಡು ನಿಮಿಷಕ್ಕೆ ಇನ್ನೊಂದು ಹುಲ್ಲು ಬಂತು. ಗಂಟೆಯೊಳಗೆ ಇಪ್ಪತ್ತೆಂಟು ಸಲ ಎಣಿಸಿದೆ, ಅದರಲ್ಲಿ ಆರು ನೆಲಕ್ಕೆ ಬಿದ್ದವು. ಬಿದ್ದದ್ದನ್ನು ಎತ್ತಿಕೊಳ್ಳಲು ಅದು ಒಮ್ಮೆಯೂ ಇಳಿಯಲಿಲ್ಲ. ನಮ್ಮ ಮನೆಯವರು ಸಂಜೆ ಗುಡಿಸಿದರು. ಗೂಡು ಸಿದ್ಧವಾದ ಮೇಲೆ ಫುಟ್‌ಬಾಲಿನಷ್ಟು ದೊಡ್ಡ ಹುಲ್ಲಿನ ಉಂಡೆ, ಪಕ್ಕದಲ್ಲಿ ಬಾಗಿಲು. ಗೀಜಗನ ನೇಯ್ಗೆಯ ಎದುರು ಇದು ಗಂಟುಮೂಟೆ ಕಟ್ಟಿದಂತೆ ಕಾಣುತ್ತದೆ, ಆದರೆ ಮಳೆಗೆ ಸೋರುವುದಿಲ್ಲ. ನಾಲ್ಕರಿಂದ ಆರು ಬಿಳಿ ಮೊಟ್ಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಕಾವಿಗೆ ಗಂಡೂ ಕೂರುತ್ತದೆ, ಹೆಣ್ಣೂ ಕೂರುತ್ತದೆ.

ಬೆಳ್ಳಿಕೊಕ್ಕಿಗೂ ಕಟ್ಟಲು ಬರುತ್ತದೆ. ಜಾಲಿಯ ಮುಳ್ಳಿನ ನಡುವೆ ಹುಲ್ಲಿನ ಉಂಡೆ ಮಾಡಿ, ಒಳಗೆ ಗರಿ, ಹತ್ತಿ ಹಾಸಿಕೊಳ್ಳುತ್ತದೆ. ಆದರೆ ಖಾಲಿ ಮನೆ ಸಿಕ್ಕರೆ ಆ ತಾಪತ್ರಯ ಯಾಕೆ? ಗೀಜಗ ಮಳೆಗಾಲದಲ್ಲಿ ಬಾವಿಯ ಮೇಲೆ ಬಾಗಿದ ಈಚಲಿಗೂ ಜಾಲಿಗೂ ಗೂಡು ನೇಯ್ದು, ಮರಿ ಮಾಡಿ, ಬಿಟ್ಟು ಹೋಗುತ್ತದೆ. ಆ ಹಳೆಯ ಗೂಡುಗಳಿಗೆ ಬೆಳ್ಳಿಕೊಕ್ಕು ಬಾಡಿಗೆಯಿಲ್ಲದ ಬಾಡಿಗೆದಾರ. ಅದರಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆಯಿಲ್ಲದ ಕಾಲದಲ್ಲೂ ರಾತ್ರಿ ಮಲಗಲು ಹಲವು ಹಕ್ಕಿಗಳು ಒಟ್ಟಾಗಿ ಒಂದೇ ಗೂಡಿಗೆ ನುಗ್ಗುತ್ತವೆ. ಒಂದೇ ಗೂಡಿನಲ್ಲಿ ಒಂದಕ್ಕಿಂತ ಹೆಚ್ಚು ಹೆಣ್ಣು ಮೊಟ್ಟೆ ಇಡುವುದೂ ಉಂಟು. ಹತ್ತಕ್ಕಿಂತ ಹೆಚ್ಚು ಮೊಟ್ಟೆ ಸಿಕ್ಕರೆ ಗೂಡಿಗೆ ಒಬ್ಬಳೇ ತಾಯಿ ಎಂದು ಹೇಳುವುದು ಕಷ್ಟ. ಒಣಭೂಮಿಯಲ್ಲಿ ಹಸಿ ಹುಲ್ಲು ವರ್ಷದಲ್ಲಿ ಕೆಲವೇ ವಾರ ಸಿಗುತ್ತದೆ. ಗೂಡು ಕಟ್ಟಲು ಹುಲ್ಲನ್ನೇ ಕಾಯುತ್ತ ಕೂತರೆ ಆಗುವುದಿಲ್ಲ. ಕಟ್ಟಿದ ಮನೆ ಸಿಕ್ಕರೆ ಯಾವ ತಿಂಗಳಲ್ಲಾದರೂ ಸಂಸಾರ ಹೂಡಬಹುದು, ಹೂಡುತ್ತದೆ ಕೂಡ. ಇದನ್ನು ಸೋಮಾರಿತನ ಎನ್ನುವವರು ಪಾವಗಡದಲ್ಲಿ ಒಂದು ಬೇಸಿಗೆ ಕಳೆದು ಬರಲಿ.

ಬೆಳ್ಳಿಕೊಕ್ಕಿಗೆ ಆಫ್ರಿಕಾದಲ್ಲಿ ಇನ್ನೂ ಹತ್ತಿರದ ಒಬ್ಬ ಸೋದರನಿದ್ದಾನೆ. ಸೆನೆಗಲ್‌ನಿಂದ ಕೆಂಪು ಸಮುದ್ರ ದಾಟಿ ಅರೇಬಿಯಾದ ನೈರುತ್ಯದವರೆಗೆ ಅವನ ನಾಡು. ಎರಡನ್ನೂ ಒಂದೇ ಜಾತಿ ಎಂದು ಭಾವಿಸಿದ್ದ ಕಾಲವಿತ್ತು. ಬಣ್ಣ, ಬಾಲ, ಕೊಕ್ಕು ಎಲ್ಲ ಹೆಚ್ಚುಕಡಿಮೆ ಒಂದೇ. ನಮ್ಮದರ ಸೊಂಟ ಬಿಳಿ, ಅದರದು ಕಪ್ಪು. ಅಂದರೆ ಕುಳಿತಾಗ ಮುಚ್ಚಿರುವ ಆ ಒಂದು ಬೆರಳಗಲದ ಜಾಗವೇ ಮುಖ್ಯ ಗುರುತು. ಹವಾಯಿ ದ್ವೀಪಗಳಿಗೆ ಮನುಷ್ಯರು ಈ ಆಫ್ರಿಕಾದ ಬೆಳ್ಳಿಕೊಕ್ಕನ್ನೂ ನಮ್ಮ ಚುಕ್ಕೆಯನ್ನೂ ಕೊಂಡೊಯ್ದು ಬಿಟ್ಟಿದ್ದಾರೆ. ಎರಡೂ ಅಲ್ಲಿ ನೆಲೆನಿಂತಿವೆ.

ಮಾತು ಮುಗಿಸಿ ಕೂತ ಮೇಲೆ ಮೊದಲು ಎದ್ದವರು ಒಬ್ಬ ರೈತರು. "ನೀವು ಹೇಳುವುದೆಲ್ಲ ಚೆನ್ನಾಗಿದೆ ಸ್ವಾಮಿ. ಹೋದ ವರ್ಷ ಅರ್ಧ ಎಕರೆ ನವಣೆ ಹಾಕಿದ್ದೆ. ನನಗೆ ಉಳಿದದ್ದು ಹುಲ್ಲು ಮಾತ್ರ. ಅದಕ್ಕೇನು ಹೇಳುತ್ತೀರಿ?" ಅವರ ಮಾತು ನಿಜ. ಸುತ್ತ ಎಲ್ಲರೂ ಮುಸುಕಿನ ಜೋಳ ಹಾಕಿರುವಾಗ ನಡುವೆ ಒಬ್ಬರು ಅರ್ಧ ಎಕರೆ ನವಣೆಯೋ ಸಾಮೆಯೋ ಬೆಳೆದರೆ ಆ ಸೀಮೆಯ ಹಕ್ಕಿಗಳಿಗೆಲ್ಲ ಅದೊಂದೇ ಊಟದ ಎಲೆ. ಹಿಂದೆ ಊರಿಗೆ ಊರೇ ಒಟ್ಟಿಗೆ ಬಿತ್ತುತ್ತಿದ್ದುದರಿಂದ ನಷ್ಟ ಎಲ್ಲರಿಗೂ ಹಂಚಿಹೋಗುತ್ತಿತ್ತು. ಅಕ್ಕಪಕ್ಕದ ನಾಲ್ಕು ಜನರನ್ನು ಒಪ್ಪಿಸಿ ಒಂದೇ ವಾರದಲ್ಲಿ ಬಿತ್ತಿರಿ ಎಂದೆ. "ಒಪ್ಪಿಸುವುದಕ್ಕಿಂತ ತಮಟೆ ಬಾರಿಸುವುದೇ ಸುಲಭ" ಎಂದು ಅವರು ಕೂತರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಪೇಟೆಯಲ್ಲಿ ಪಂಜರದಲ್ಲಿ ಹಸಿರು, ಗುಲಾಬಿ ಬಣ್ಣದ ಇಂಥದ್ದೇ ಹಕ್ಕಿ ನೋಡಿದ್ದೇನೆ, ಅದು ಯಾವ ರಾಟವಾಳ?" ಎಂದಳು. ಬಣ್ಣದಲ್ಲಿ ಅದ್ದಿದ ರಾಟವಾಳ ಎಂದೆ. ನಮ್ಮ ದೇಶದ ಕಾಡುಹಕ್ಕಿಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. 1972ರ ವನ್ಯಜೀವಿ ಕಾಯ್ದೆಯ ಕೆಳಗೆ 1990ರ ದಶಕದ ಆರಂಭದಿಂದ ಈ ವ್ಯಾಪಾರ ಪೂರ್ತಿ ನಿಷಿದ್ಧ. ಮತ್ತೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸು ಎಂದೆ.

ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಹಿರಿಯ ಹೆಂಗಸೊಬ್ಬರು ಸೆರಗು ಸರಿಮಾಡಿಕೊಳ್ಳುತ್ತ ಎದ್ದರು. ಅವರ ಹೊಲದ ಹಳೇ ಕಪಿಲೆ ಬಾವಿಯ ಮೇಲೆ ಗೀಜಗನ ಗೂಡುಗಳು ಜೋತಾಡುತ್ತಿವೆಯಂತೆ, ಗೀಜಗ ಹೋಗಿ ಎಷ್ಟೋ ದಿನವಾಯಿತಂತೆ. "ಆದರೂ ಸಂಜೆ ಹೊತ್ತು ಏನೋ ಒಳಗೆ ಹೋಗುತ್ತವಪ್ಪ, ನಾನು ಇಲಿ ಅಂದುಕೊಂಡಿದ್ದೆ" ಎಂದರು. ಸಂಜೆ ಬಂದು ನೋಡಬಹುದೇ ತಾಯಿ ಎಂದೆ. "ಬಾ, ಬಾವಿಯ ಹತ್ತಿರ ಹೋಗಬೇಡ ಅಷ್ಟೇ, ಕಟ್ಟೆ ಸಡಿಲವಾಗಿದೆ" ಎಂದರು.

ನಾನೂ ನಾಲ್ಕು ಮಕ್ಕಳೂ ಐದೂವರೆಗೆ ಹೋದೆವು. ಬಾವಿಯ ಮೇಲೆ ಜಾಲಿ, ಅದರಲ್ಲಿ ಒಂಬತ್ತು ಗೂಡು, ಬಣ್ಣ ಕಳೆದುಕೊಂಡು ಒಣ ಸೋರೆಕಾಯಿಯಂತಾಗಿದ್ದವು. ಕಟ್ಟೆಯಿಂದ ದೂರ ರಾಗಿ ಮೆದೆಯ ನೆರಳಿನಲ್ಲಿ ಕೂತೆವು. ಆರಕ್ಕೆ ಮೂರು ಹಕ್ಕಿ ಬಂದವು. ಉದ್ದ ಬಾಲ, ಬೂದು ಕೊಕ್ಕು. ಗೂಡಿನ ಕೆಳಗಿನ ಕೊಳವೆಗೆ ತಲೆಕೆಳಗಾಗಿ ನೇತುಹಾಕಿಕೊಂಡು, ಒಂದರ ಹಿಂದೆ ಒಂದು ಮೇಲೆ ತೆವಳಿದವು. ಒಳಗೆ ಹೋಗುವ ಮುನ್ನ ರೆಕ್ಕೆ ಬಿಚ್ಚಿದಾಗ ಪ್ರತಿಯೊಂದರ ಸೊಂಟವೂ ಬಿಳಿಯಾಗಿ ಮಿಂಚಿತು. ಹುಡುಗರು ಪ್ರತಿ ಸಲವೂ ಪಿಸುದನಿಯಲ್ಲಿ ಎಣಿಸಿದರು. ನಾಲ್ಕು. ಐದು. ಸ್ವಲ್ಪ ಹೊತ್ತಾದ ಮೇಲೆ ಆರು, ಏಳು. ಗೂಡು ಗಾಳಿಯಿಲ್ಲದೆಯೂ ಅಲುಗಾಡುತ್ತಿತ್ತು. ಎಂಟನೆಯದು ಕೊಳವೆಯ ಬಾಯಿಗೆ ಬಂದು ಅರ್ಧ ನುಗ್ಗಿತು, ಒಳಗಿನಿಂದ ಗದರಿದಂಥ ಸಣ್ಣ ದನಿಗಳು ಕೇಳಿದವು. ಅದು ಹೊರಬಂದು ಗೂಡಿನ ಬೆನ್ನ ಮೇಲೆ ಕೂತು ಒಂದು ನಿಮಿಷ ಯೋಚಿಸಿ, ಮತ್ತೆ ನುಗ್ಗಿತು. ಈ ಸಲ ಬಾಲದ ತುದಿ ಮಾತ್ರ ಹೊರಗೆ ಉಳಿದಿತ್ತು, ನಾವು ಏಳುವವರೆಗೂ ಹಾಗೇ ಇತ್ತು.